ಬಾವಿಯೊಳಗಿನ ಜರೀಗಿಡ
ಬಯಲುಸೀಮೆಯ ಮಕ್ಕಳೊಂದಿಗೆ ಒಂದು ನಿಸರ್ಗ ಪಾಠ



ಜರೀಗಿಡವನ್ನು ನೀವು ನೋಡಿದ್ದೀರಾ? ಈ ಪ್ರಶ್ನೆಯನ್ನು ತೀರ್ಥಹಳ್ಳಿಯಲ್ಲೋ ಮಡಿಕೇರಿಯಲ್ಲೋ ಕೇಳಿದರೆ ಮಕ್ಕಳು ನಕ್ಕುಬಿಡುತ್ತಾರೆ. ಅಲ್ಲಿ ಮಳೆಗಾಲ ಬಂತೆಂದರೆ ಹಿತ್ತಿಲ ಗೋಡೆ, ಬಚ್ಚಲ ಮೋರಿ, ಮರದ ಬೊಡ್ಡೆ, ರಸ್ತೆಬದಿಯ ದರೆ, ಎಲ್ಲೆಲ್ಲೂ ಜರೀಗಿಡವೇ. ಕೊಡಗಿನಲ್ಲಂತೂ ಎಳೆಯ ಸುರುಳಿಗಳನ್ನು ಚಿವುಟಿ ತಂದು 'ತೆರ್ಮೆ ತೊಪ್ಪು' ಎಂದು ಪಲ್ಯ ಮಾಡುತ್ತಾರೆ. ಅದೇ ಪ್ರಶ್ನೆಯನ್ನು ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಬೇವೂರಿನಲ್ಲಿ ಕೇಳಿದರೆ ಏನು ಉತ್ತರ ಬರುತ್ತದೆ? ನಾನು ಕೇಳಿದಾಗ ಬಂದ ಉತ್ತರ ಇದು: "ಪುಸ್ತಕದಾಗ ನೋಡೀವ್ರಿ ಸರ್. ನಮ್ಮೂರಾಗ ಅದು ಬೆಳೆಯಂಗಿಲ್ರಿ."

ಆ ಉತ್ತರಕ್ಕೆ ನಾನೂ ಸ್ವಲ್ಪಮಟ್ಟಿಗೆ ಹೊಣೆಗಾರ. ಕೆಲವು ವರ್ಷಗಳ ಹಿಂದೆ ನಾವು ಜರೀಗಿಡಗಳ ಬಗ್ಗೆ ಒಂದು ಕಾರ್ಯಕ್ರಮವನ್ನು ಪ್ರಸಾರ ಮಾಡಿದ್ದೆವು. ಚಿತ್ರೀಕರಣವೆಲ್ಲ ಮಲೆನಾಡಿನಲ್ಲೇ ನಡೆದಿತ್ತು. "ಜರೀಗಿಡಗಳ ಲೋಕವನ್ನು ಕಾಣಬೇಕಾದರೆ ಮಲೆನಾಡಿಗೇ ಬರಬೇಕು" ಎಂಬ ಮಾತು ಅದರ ನಿರೂಪಣೆಯಲ್ಲಿತ್ತು. ಆ ನಿರೂಪಣೆಯನ್ನು ಬರೆದವನು ನಾನೇ. ಕಾರ್ಯಕ್ರಮವನ್ನು ನೋಡಿದ ಬೇವೂರು ಭಾಗದ ಶಿಕ್ಷಕರೊಬ್ಬರು ಒಂದು ಕಾಗದ ಬರೆದರು. ಅವರ ಪ್ರಶ್ನೆ ಸರಳವಾಗಿತ್ತು. ನಮ್ಮ ಮಕ್ಕಳು ಮಲೆನಾಡಿಗೆ ಹೋಗುವುದು ಯಾವಾಗ? ಅಲ್ಲಿಯವರೆಗೆ ಹಲಗೆಯ ಮೇಲೆ ಚಿತ್ರ ಬರೆದು ಭಾಗಗಳನ್ನು ಗುರುತಿಸಿದರೆ ಸಾಕೇ?

ವಿಜ್ಞಾನ ಪದವೀಧರನಾದ ನನಗೆ ಆ ಕಾಗದ ಓದಿ ನಾಚಿಕೆಯಾಯಿತು. ಜರೀಗಿಡ ಮಲೆನಾಡಿನ ಸ್ವತ್ತಲ್ಲ ಎಂಬುದನ್ನು ಕಾಲೇಜಿನಲ್ಲೇ ಓದಿದ್ದೆ. ಆದರೂ ಸುಂದರ ದೃಶ್ಯಗಳ ಆಸೆಗೆ ಬಿದ್ದು ಅದನ್ನು ಮರೆತಿದ್ದೆ. ಮುಂದಿನ ಮಳೆಗಾಲದಲ್ಲಿ ಕ್ಯಾಮೆರಾ ತಂಡದೊಂದಿಗೆ ಬೇವೂರಿನ ದಾರಿ ಹಿಡಿದೆವು. ಅಲ್ಲಿ ಮಕ್ಕಳೂ ನಾವೂ ಕೂಡಿ ಕಲಿತದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ನೀವು ಪೋಷಕರಾಗಿರಲಿ, ಶಿಕ್ಷಕರಾಗಿರಲಿ, ಈ ಪಾಠವನ್ನು ನಿಮ್ಮೂರಿನಲ್ಲೂ ಮಾಡಬಹುದು.

ಒಣನಾಡಿನಲ್ಲಿ ಹುಡುಕುವುದೆಲ್ಲಿ?

ಬೇವೂರಿನ ಹೆಸರಿನಲ್ಲೇ ಬೇವು ಇದೆ. ಬೇವು, ಜಾಲಿ, ಸಜ್ಜೆ, ಜೋಳಗಳ ನಾಡಿದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಕೊಪ್ಪಳ ಜಿಲ್ಲೆಯ ಸರಾಸರಿ 600 ಮಿಲಿಮೀಟರಿನ ಆಸುಪಾಸಿನಲ್ಲಿದೆ. ಅಂದರೆ ಹತ್ತರಲ್ಲಿ ಒಂದು ಪಾಲೂ ಅಲ್ಲ. ಇಂಥಲ್ಲಿ ಜರೀಗಿಡ ಎಲ್ಲಿ ಸಿಕ್ಕೀತು?

ಮಕ್ಕಳನ್ನು ಕೇಳಿದೆವು: "ಬ್ಯಾಸಿಗ್ಯಾಗೂ ನಿಮ್ಮೂರಾಗ ತಂಪು ಇರೋ ಜಾಗ ಯಾವುದು?" ಉತ್ತರಗಳು ಬಂದವು. ನೀರಿನ ತೊಟ್ಟಿಯ ಬುಡ, ಬಂಡೆಗಳ ಸಂದು, ಗುಡಿಯ ಹಿಂಭಾಗದ ಗೋಡೆ, ಕೆರೆಯಂಗಳ. ಕೊನೆಗೆ ಒಬ್ಬ ಹುಡುಗಿ ಹೇಳಿದಳು, "ಹಳೇ ಬಾವಿ ರೀ." ಗಮನಿಸಿ, ಇಲ್ಲಿ ಗಿಡದ ಹೆಸರನ್ನು ನಾವು ಕೇಳಲೇ ಇಲ್ಲ, ತಂಪಿನ ಜಾಗವನ್ನು ಕೇಳಿದೆವು. ಊರಿನ ತಂಪು ಜಾಗಗಳ ಪಟ್ಟಿಯೇ ಜರೀಗಿಡಗಳ ವಿಳಾಸಗಳ ಪಟ್ಟಿ. ಆ ಪಟ್ಟಿಯನ್ನು ಮಕ್ಕಳೇ ತಯಾರಿಸಬಲ್ಲರು. ಏಕೆಂದರೆ ಎಮ್ಮೆ ಮಲಗುವುದೆಲ್ಲಿ, ನಾಯಿ ಮಧ್ಯಾಹ್ನ ಎಲ್ಲಿಗೆ ಹೋಗುತ್ತದೆ ಎಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಊರಾಚೆಯ ಹೊಲವೊಂದರಲ್ಲಿ ಕಲ್ಲುಕಟ್ಟಡದ ಹಳೆಯ ಬಾವಿ ಇತ್ತು. ಇಣುಕಿದರೆ ಬರೀ ಕತ್ತಲು. ಮಕ್ಕಳನ್ನು ದೂರ ನಿಲ್ಲಿಸಿ, ಚಿತ್ರೀಕರಣದಲ್ಲಿ ಬೆಳಕು ಹಾಯಿಸಲು ನಾವು ಬಳಸುವ ಬೆಳ್ಳಿಬಣ್ಣದ ಹಲಗೆಯನ್ನು ಹೊರತೆಗೆದೆವು. ಬಿಸಿಲನ್ನು ಅದರಿಂದ ಬಾವಿಯೊಳಕ್ಕೆ ತಿರುಗಿಸಿದಾಗ ಎದುರಿನ ಗೋಡೆ ಒಮ್ಮೆಲೇ ಹಸಿರಾಗಿ ಬೆಳಗಿತು. ಕಲ್ಲಿನ ಪ್ರತಿ ಸಂದಿನಿಂದಲೂ ಕಪ್ಪುಕೂದಲಿನಂಥ ತೊಟ್ಟುಗಳು, ಅವುಗಳ ತುದಿಯಲ್ಲಿ ಬೀಸಣಿಗೆಯಾಕಾರದ ಪುಟ್ಟ ಎಲೆಗಳು. ಮಕ್ಕಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಬ್ಬ, "ಇದು ನಮ್ಮ ಬಾವಿನೇನ್ರಿ?" ಎಂದ.

ನಿಮ್ಮಲ್ಲಿ ಅಂಥ ಹಲಗೆ ಇರಬೇಕಿಲ್ಲ. ಗೋಡೆಗೆ ತೂಗುಹಾಕುವ ಒಂದು ಕನ್ನಡಿ ಸಾಕು. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ. ಬಾವಿಯ ಬಳಿ ಮಕ್ಕಳನ್ನು ಒಂಟಿಯಾಗಿ ಬಿಡಬಾರದು. ಕಟ್ಟೆ ಎದೆಮಟ್ಟಕ್ಕಿಲ್ಲದಿದ್ದರೆ ಹತ್ತಿರ ಹೋಗಬಾರದು. ಕನ್ನಡಿಯನ್ನು ಹಿರಿಯರೇ ಹಿಡಿಯಬೇಕು. ಬಂಡೆಯ ಸಂದುಗಳಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಬೇಕು. ತಂಪನ್ನು ಹುಡುಕಿಕೊಂಡು ಬರುವುದು ಜರೀಗಿಡವೊಂದೇ ಅಲ್ಲ, ಹಾವು ಚೇಳುಗಳೂ ಬರುತ್ತವೆ.

ಹೂವಿಲ್ಲ, ಬೀಜವಿಲ್ಲ, ಸಂತಾನವಿದೆ

ಬಾವಿಯಲ್ಲಿ ಕಂಡ ಗಿಡ ಅಡಿಯಾಂಟಮ್ ಬಳಗದ್ದು. 'ಒದ್ದೆಯಾಗದ್ದು' ಎಂಬುದು ಆ ಗ್ರೀಕ್ ಹೆಸರಿನ ಅರ್ಥ. ಇದರ ಎಲೆಯನ್ನು ನೀರಿನಲ್ಲಿ ಅದ್ದಿ ತೆಗೆದರೆ ಹನಿಗಳು ಉರುಳಿ ಬಿದ್ದು ಎಲೆ ಒಣಗಿಯೇ ಇರುತ್ತದೆ. ಇದು ಮಕ್ಕಳು ಮಾಡಬಹುದಾದ ಮೊದಲ ಪ್ರಯೋಗ. ಇದೇ ಬಳಗದ ಇನ್ನೊಂದು ಗಿಡಕ್ಕೆ ಆಯುರ್ವೇದದಲ್ಲಿ 'ಹಂಸಪದಿ' ಎಂಬ ಹೆಸರಿದೆ.

ಈಗ ಎಲೆಯನ್ನು ತಿರುಗಿಸಿ ನೋಡಿ. ಅಂಚಿನಲ್ಲಿ ಕಂದುಬಣ್ಣದ ಮಡಿಕೆಗಳಿವೆ. ಅಲಂಕಾರಕ್ಕೆಂದು ಕುಂಡದಲ್ಲಿ ಬೆಳೆಸುವ ಜರೀಗಿಡದಲ್ಲಾದರೆ ಎಲೆಯ ಬೆನ್ನಿನ ಮೇಲೆ ಸಾಲುಸಾಲು ಚುಕ್ಕೆಗಳಿರುತ್ತವೆ. "ರೋಗ ಬಂದೈತ್ರಿ", "ಹುಳದ ತತ್ತಿ ಅದಾವ್ರಿ" ಎಂದು ಮಕ್ಕಳು ಹೇಳುತ್ತಾರೆ. ಹೇಳಲಿ, ಕೂಡಲೇ ತಿದ್ದಬೇಡಿ. "ಹುಳದ ತತ್ತಿಯಾದರೆ ಇಷ್ಟು ಅಳತೆ ಹಿಡಿದಂತೆ ಸಾಲಾಗಿ ಇರುತ್ತದೆಯೇ? ಪ್ರತಿ ಎಲೆಯಲ್ಲೂ ಒಂದೇ ಜಾಗದಲ್ಲಿ ಇರುತ್ತದೆಯೇ?" ಎಂದು ಕೇಳಿ. ಮುಂದಿನ ಎಲೆಯನ್ನು ಅವರೇ ತಿರುಗಿಸಿ ನೋಡುತ್ತಾರೆ.

ಈ ಚುಕ್ಕೆಗಳಿಗೆ ಸೋರಸ್ ಎಂದು ಹೆಸರು. ಒಂದೊಂದು ಚುಕ್ಕೆಯೂ ಹಲವಾರು ಪುಟ್ಟ ಚೀಲಗಳ ಗೊಂಚಲು. ಒಂದೊಂದು ಚೀಲದಲ್ಲೂ ಸಾಮಾನ್ಯವಾಗಿ 64 ಬೀಜಾಣುಗಳು. ಎಲೆಯೊಂದರಿಂದ ಲಕ್ಷಗಟ್ಟಲೆ ಬೀಜಾಣುಗಳು ಹೊರಬೀಳಬಲ್ಲವು. ಬೀಜಾಣು ಎಂದರೆ ಬೀಜವಲ್ಲ. ಬೀಜದೊಳಗೆ ಒಂದು ಭ್ರೂಣ, ಅದಕ್ಕೆ ಬೇಕಾದ ಬುತ್ತಿ ಎರಡೂ ಇರುತ್ತವೆ. ಬೀಜಾಣುವಾದರೋ ಒಂದೇ ಒಂದು ಜೀವಕೋಶ. ಅದು ಧೂಳಿಗಿಂತ ಹಗುರ. ಗಾಳಿಯೇ ಅದರ ಬಂಡಿ. ಮೈಲುಗಟ್ಟಲೆ ಬಯಲನ್ನು ದಾಟಿ ಒಂದು ಒಂಟಿ ಬಾವಿಗೆ ಜರೀಗಿಡ ಹೇಗೆ ಬಂತು ಎಂಬುದಕ್ಕೆ ಉತ್ತರ ಇದೇ.

ಚೀಲದಿಂದ ಬೀಜಾಣು ಹೊರಬೀಳುವ ಬಗೆಯೂ ಸ್ವಾರಸ್ಯಕರವಾಗಿದೆ. ಚೀಲದ ಬೆನ್ನಿನುದ್ದಕ್ಕೂ ದಪ್ಪಗೋಡೆಯ ಕೋಶಗಳ ಒಂದು ಪಟ್ಟಿ ಇರುತ್ತದೆ. ಒಣಗಾಳಿಗೆ ಅದರ ನೀರು ಆರಿದಂತೆ ಪಟ್ಟಿ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗುತ್ತದೆ, ಚೀಲ ಬಿರಿಯುತ್ತದೆ. ಸೆಳೆತ ಮಿತಿಮೀರಿದಾಗ ಕೋಶಗಳೊಳಗೆ ಗುಳ್ಳೆಗಳೆದ್ದು, ಪಟ್ಟಿ ಸರಕ್ಕನೆ ಮುಂದಕ್ಕೆ ಹಾರಿ ಬೀಜಾಣುಗಳನ್ನು ಕವಣೆಕಲ್ಲಿನಂತೆ ಎಸೆಯುತ್ತದೆ. ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದ ಮಕ್ಕಳಿಗೆ ಇದನ್ನು ವಿವರಿಸುವುದು ಬಹಳ ಸುಲಭ. ಮನುಷ್ಯ ಮಾಡಿದ ಕವಣೆಯಂತ್ರದ ತೋಳನ್ನು ತಡೆದು ನಿಲ್ಲಿಸಲು ಒಂದು ಅಡ್ಡಪಟ್ಟಿ ಬೇಕಾಗುತ್ತದೆ. ಜರೀಗಿಡದ ಈ ಪಟ್ಟಿ ಅಡ್ಡಪಟ್ಟಿಯಿಲ್ಲದೆ ತಾನೇ ನಡುವೆ ನಿಲ್ಲುವ ಬಗೆಯನ್ನು 2012ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ವಿವರಿಸಿತು.

ಎರಡು ಬಾಳಿನ ಗಿಡ

ಹೂವಿಲ್ಲದೆ, ಬೀಜವಿಲ್ಲದೆ ಈ ಗಿಡ ಹೇಗೆ ಹುಟ್ಟುತ್ತದೆ ಎಂಬುದು ಬಹುಕಾಲ ಒಗಟಾಗಿತ್ತು. ಯೂರೋಪಿನ ಹಳ್ಳಿಗರು, ಜರೀಗಿಡಕ್ಕೂ ಬೀಜವಿದೆ, ಅದು ಕಣ್ಣಿಗೆ ಕಾಣದು, ಅದು ಸಿಕ್ಕವನೂ ಕಾಣದಂತಾಗುತ್ತಾನೆ ಎಂದು ನಂಬಿದ್ದರು. ಈ ಒಗಟನ್ನು ಪೂರ್ಣವಾಗಿ ಬಿಡಿಸಿ 1851ರಲ್ಲಿ ಪ್ರಕಟಿಸಿದವರು ಜರ್ಮನಿಯ ವಿಲ್ಹೆಲ್ಮ್ ಹಾಫ್‌ಮೈಸ್ಟರ್. ಅವರು ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲ. ತಂದೆಯ ಪುಸ್ತಕದಂಗಡಿಯಲ್ಲಿ ದುಡಿಯುತ್ತ, ಬಿಡುವಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ಕಲಿತವರು. ಇದನ್ನು ಮಕ್ಕಳಿಗೆ ತಪ್ಪದೆ ಹೇಳಿ.

ಅವರು ಕಂಡದ್ದು ಇದು. ಬೀಜಾಣು ಒದ್ದೆನೆಲದ ಮೇಲೆ ಬಿದ್ದು ಮೊಳೆತಾಗ ಜರೀಗಿಡ ಹುಟ್ಟುವುದಿಲ್ಲ. ಬದಲಿಗೆ ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ, ಹೃದಯದಾಕಾರದ, ತೆಳು ಹಸಿರು ಹಾಳೆಯೊಂದು ಹುಟ್ಟುತ್ತದೆ. ಇದಕ್ಕೆ ಪ್ರೋಥ್ಯಾಲಸ್ ಎನ್ನುತ್ತಾರೆ. ಇದು ತಾನೇ ಆಹಾರ ತಯಾರಿಸಿಕೊಂಡು ಸ್ವತಂತ್ರವಾಗಿ ಬಾಳುತ್ತದೆ. ಗಂಡು ಮತ್ತು ಹೆಣ್ಣು ಅಂಗಗಳು ಇದರ ಅಡಿಯಲ್ಲಿರುತ್ತವೆ. ಗಂಡು ಕಣಗಳಿಗೆ ಬಾಲದಂಥ ಎಳೆಗಳಿದ್ದು, ಅವು ಈಜಬಲ್ಲವು. ಹಾಳೆಯ ಅಡಿಯಲ್ಲಿ ನೀರಿನ ತೆಳುಪೊರೆ ಇದ್ದರೆ ಮಾತ್ರ ಅವು ಅಂಡಾಣುವನ್ನು ತಲುಪುತ್ತವೆ. ಅಲ್ಲಿ ಗರ್ಭಧಾರಣೆಯಾದ ಮೇಲೆ ನಮಗೆ ಪರಿಚಿತವಾದ ಜರೀಗಿಡ ಮೇಲೇಳುತ್ತದೆ, ಹಾಳೆ ಕರಗಿಹೋಗುತ್ತದೆ. ಒಂದು ತಲೆಮಾರು ಗಿಡ, ಮರುತಲೆಮಾರು ಹಾಳೆ, ಮತ್ತೆ ಗಿಡ. ಮೊಮ್ಮಕ್ಕಳು ಅಜ್ಜಿಯನ್ನು ಹೋಲುತ್ತಾರೆ, ಅವ್ವನನ್ನಲ್ಲ ಎಂದರೆ ಮಕ್ಕಳಿಗೆ ಥಟ್ಟನೆ ಅರ್ಥವಾಗುತ್ತದೆ.

ಒಣನಾಡಿನಲ್ಲಿ ಜರೀಗಿಡ ಏಕೆ ವಿರಳ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಬೆಳೆದ ಗಿಡಕ್ಕೆ ಮಾತ್ರವಲ್ಲ, ಅದರ ಮದುವೆಗೂ ನೀರು ಬೇಕು. ಕೂದಲೆಳೆಯಷ್ಟು ದೂರವೇ ಆದರೂ ಈಜಿಯೇ ಸೇರಬೇಕು. ಆದುದರಿಂದ ವರ್ಷಪೂರ್ತಿ ಜಿನುಗುವ ಬಾವಿಗೋಡೆ ಜರೀಗಿಡಕ್ಕೆ ಬಯಲಿನ ನಡುವಿನ ಒಂದು ಪುಟ್ಟ ಮಲೆನಾಡು.

ಬಿಸಿಲಿಗೆ ಮಣಿಯದವು

ಹಾಗೆಂದು ಎಲ್ಲ ಜರೀಗಿಡಗಳೂ ನೆರಳನ್ನೇ ಆಶ್ರಯಿಸಿಲ್ಲ. ಕೊಪ್ಪಳ, ಗಂಗಾವತಿಗಳ ಕಡೆಯ ಬಂಡೆಗುಡ್ಡಗಳಂಥ ಜಾಗದಲ್ಲಿ ಹುಡುಕಬೇಕಾದ ಗಿಡ ಮಯೂರಶಿಖಿ. ವಿಜ್ಞಾನದಲ್ಲಿ ಇದನ್ನು ಆಕ್ಟಿನಿಯಾಪ್ಟೆರಿಸ್ ಎನ್ನುತ್ತಾರೆ. ಗೇಣುದ್ದವೂ ಇಲ್ಲದ ಈ ಗಿಡ ಬಂಡೆಯ ಬಿರುಕಿನಲ್ಲಿ, ಹಳೆಗೋಡೆಯ ಸಂದಿನಲ್ಲಿ ಬೇರೂರಿರುತ್ತದೆ. ಎಲೆ ನವಿಲಿನ ಜುಟ್ಟಿನಂತೆ, ಬಿಚ್ಚಿದ ಬೀಸಣಿಗೆಯಂತೆ ಕಾಣುತ್ತದೆ. ಬೇಸಿಗೆಯಲ್ಲಿ ಇದು ಮುದುಡಿ ಕಂದುಬಣ್ಣದ ಕಸದ ಹಾಗಾಗುತ್ತದೆ. ಸತ್ತಿತು ಎಂದೇ ನೀವು ತಿಳಿಯುತ್ತೀರಿ. ಮಳೆ ಬಿದ್ದ ಬಳಿಕ ಅದೇ ಎಲೆ ಮತ್ತೆ ಬಿಚ್ಚಿ ಹಸಿರಾಗುತ್ತದೆ.

ಇದನ್ನು ಪರೀಕ್ಷಿಸಲು ಗಿಡವನ್ನು ಕೀಳಬೇಕಾಗಿಲ್ಲ. ಮುದುಡಿದ ಗಿಡವೊಂದರ ಬುಡಕ್ಕೂ ಎಲೆಗೂ ಸಂಜೆ ಒಂದು ತಂಬಿಗೆ ನೀರು ಹಾಕಿ. ಪಕ್ಕದ ಗಿಡಕ್ಕೆ ಹಾಕಬೇಡಿ. ಮರುದಿನ ಬೆಳಿಗ್ಗೆ ಎರಡನ್ನೂ ನೋಡಿ ಚಿತ್ರ ಬರೆಯಲಿ. ನೀರು ಹಾಕದ ಗಿಡ ಏಕೆ ಬೇಕಿತ್ತು ಎಂದು ಮಕ್ಕಳನ್ನೇ ಕೇಳಿ. ಹೋಲಿಕೆಗೆ ಒಂದನ್ನು ಹಾಗೆಯೇ ಬಿಡಬೇಕು ಎಂಬ ವಿಜ್ಞಾನದ ಮೂಲಸೂತ್ರವನ್ನು ಅವರು ಅಲ್ಲಿಯೇ ಕಂಡುಕೊಳ್ಳುತ್ತಾರೆ.

ಇಂಥ ಒಣನಾಡಿನ ಜರಿಗಳಲ್ಲಿ ಹಲವು ಮತ್ತೊಂದು ಉಪಾಯವನ್ನೂ ಕಂಡುಕೊಂಡಿವೆ. ಈಜಲು ನೀರೇ ಇಲ್ಲದಿದ್ದರೆ ಮದುವೆಯ ಗೊಡವೆಯೇ ಬೇಡ ಎಂದು, ಗರ್ಭಧಾರಣೆಯಿಲ್ಲದೆಯೇ ಹಾಳೆಯಿಂದ ನೇರವಾಗಿ ಹೊಸ ಗಿಡವನ್ನು ಹೊರಡಿಸುತ್ತವೆ. ಎಲೆಯಡಿಯಲ್ಲಿ ಬಿಳಿಹುಡಿ ಮೆತ್ತಿಕೊಂಡಿರುವ ಬೆಳ್ಳಿಜರಿಯ ಬಳಗದಲ್ಲಿ ಈ ಕ್ರಮ ಸಾಮಾನ್ಯ. ಈ ಗಿಡ ಸಿಕ್ಕರೆ ಎಲೆಯನ್ನು ಅಂಗೈಯ ಹಿಂಬದಿಗೆ ಒತ್ತಿ ತೆಗೆಯಿರಿ, ಬೆಳ್ಳಿಯ ಹಚ್ಚೆ ಮೂಡುತ್ತದೆ. ಮಕ್ಕಳಿಗೆ ಇದಕ್ಕಿಂತ ಬೇರೆ ಆಹ್ವಾನ ಬೇಕಿಲ್ಲ.

ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಬಳಿಯ ಅಂಜನಾದ್ರಿಯನ್ನು ಹನುಮನ ಜನ್ಮಸ್ಥಳವೆಂದು ಭಕ್ತರು ನಂಬುತ್ತಾರೆ. ಹನುಮನೆಂದ ಮೇಲೆ ಸಂಜೀವಿನಿಯ ಮಾತು ಬಂದೇ ಬರುತ್ತದೆ. ಮುಷ್ಟಿಯಂತೆ ಮುದುಡಿದ ಒಣಗಿಡವನ್ನು ಸಂಜೀವಿನಿ ಎಂದು ಜಾತ್ರೆಗಳಲ್ಲಿ ಮಾರುವುದನ್ನು ನೀವು ನೋಡಿರಬಹುದು. ನೀರಿಗೆ ಹಾಕಿದರೆ ಅದು ಅರಳುತ್ತದೆ. ಅದು ಸೆಲಾಜಿನೆಲ್ಲ ಎಂಬ ಸಸ್ಯ. ಬೀಜಾಣುವಿನಿಂದಲೇ ಹುಟ್ಟುವುದಾದರೂ ನಿಜವಾದ ಜರೀಗಿಡವಲ್ಲ, ದೂರದ ನೆಂಟ. ಅದು ಅರಳುವುದು ಪವಾಡವಲ್ಲ, ಮಯೂರಶಿಖಿಯದೇ ವಿದ್ಯೆ. ಹಾಗೆ ಮಾರಾಟಕ್ಕೆ ಬರುವ ಗಿಡಗಳನ್ನು ಕಾಡಿನಿಂದ ಕಿತ್ತು ತರುವುದರಿಂದ ಕೊಳ್ಳದಿರುವುದೇ ಒಳ್ಳೆಯದು.

ಕೆರೆಯಂಗಳದ ನಾಲ್ಕೆಲೆ

ಕೆರೆಯ ಅಂಚಿನಲ್ಲಿ, ಕಾಲುವೆಯ ಕೆಸರಿನಲ್ಲಿ ತೊಟ್ಟಿನ ತುದಿಗೆ ನಾಲ್ಕು ಎಲೆ ಜೋಡಿಸಿದಂಥ ಒಂದು ಸಣ್ಣ ಗಿಡ ಕಾಣುತ್ತದೆ. ಇದು ಮಾರ್ಸೀಲಿಯ. ಜರೀಗಿಡವೆಂದು ಯಾರೂ ನಂಬುವುದಿಲ್ಲ. ಆದರೆ ಎಳೆಯ ಎಲೆಯನ್ನು ನೋಡಿ, ಜರೀಗಿಡಗಳ ಗುರುತಾದ ಪಿಟೀಲಿನ ತುದಿಯಂಥ ಸುರುಳಿ ಇಲ್ಲಿಯೂ ಇದೆ. ಸಂಜೆ ಕತ್ತಲಾದ ಮೇಲೆ ಲಾಟೀನೋ ಬ್ಯಾಟರಿಯೋ ಹಿಡಿದು ಹಿರಿಯರೊಂದಿಗೆ ಹೋದರೆ ನಾಲ್ಕೂ ಎಲೆ ಕೈಮುಗಿದಂತೆ ಮಡಚಿಕೊಂಡಿರುವುದು ಕಾಣುತ್ತದೆ.

ಇದರ ಬುಡದಲ್ಲಿ ಮೆಣಸುಕಾಳಿನಂಥ ಗಟ್ಟಿ ಕಾಯಿಗಳಿರುತ್ತವೆ. ಕೆರೆ ಒಣಗಿ ಬಿರುಕುಬಿಟ್ಟಾಗ ಗಿಡ ಸಾಯುತ್ತದೆ. ಕಾಯಿ ಮಾತ್ರ ಮಣ್ಣಿನಲ್ಲಿ ಕಾಯುತ್ತದೆ, ಬೇಕಾದರೆ ದಶಕಗಳ ಕಾಲ. ಬರಗಾಲವನ್ನು ಬಲ್ಲ ಸೀಮೆಗೆ ತಕ್ಕ ಗಿಡವಿದು. ಒಣಗಿದ ಒಂದು ಕಾಯಿಯ ತುದಿಯನ್ನು ಉಗುರು ಕತ್ತರಿಯಿಂದ ಸ್ವಲ್ಪ ಕತ್ತರಿಸಿ ನೀರಿನ ಬಟ್ಟಲಿಗೆ ಹಾಕಿ ಸುತ್ತ ಕುಳಿತುಕೊಳ್ಳಿ. ಸ್ವಲ್ಪ ಹೊತ್ತಿನಲ್ಲೇ ಒಳಗಿನಿಂದ ಅಂಟಿನ ಎಳೆಯೊಂದು ಎರೆಹುಳದಂತೆ ಹೊರಬರತೊಡಗುತ್ತದೆ, ಅದರ ಮೈಮೇಲೆ ಬೀಜಾಣುಗಳ ಪೊಟ್ಟಣಗಳು. ಬೇವೂರಿನ ಮಕ್ಕಳು ಇದನ್ನು ನೋಡುವಾಗ ನಮ್ಮ ಛಾಯಾಗ್ರಾಹಕರು ಕ್ಯಾಮೆರಾವನ್ನು ಬಟ್ಟಲಿನಿಂದ ತಿರುಗಿಸಿ ಮಕ್ಕಳ ಮುಖಗಳ ಮೇಲೆ ಇಟ್ಟರು. ಇಡೀ ಕಾರ್ಯಕ್ರಮದ ಅತ್ಯುತ್ತಮ ದೃಶ್ಯ ಅದೇ ಆಯಿತು.

ಗಂಗಾವತಿಯ ಭತ್ತದ ಗದ್ದೆಗಳ ಕಡೆ ನೆಂಟರಿದ್ದರೆ ಮಕ್ಕಳು ಅಜೋಲ್ಲವನ್ನೂ ನೋಡಬಹುದು. ನೀರಿನ ಮೇಲೆ ತೇಲುವ, ಉಗುರಿನಷ್ಟೇ ಅಗಲದ ಜರಿ ಇದು. ಅನುಕೂಲ ಹವೆಯಲ್ಲಿ ಕೆಲವೇ ದಿನಗಳಲ್ಲಿ ಇಮ್ಮಡಿಯಾಗುತ್ತದೆ. ಇದರ ಎಲೆಯ ಗೂಡಿನಲ್ಲಿ ವಾಸಿಸುವ ನೀಲಿಹಸಿರು ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನು ಗೊಬ್ಬರವಾಗಿ ಮಾರ್ಪಡಿಸುತ್ತದೆ. ರೈತರು ಗದ್ದೆಗೆ ಹಸಿರು ಗೊಬ್ಬರವಾಗಿ, ದನಗಳಿಗೆ ಮೇವಾಗಿ ಇದನ್ನು ಬೆಳೆಸುತ್ತಾರೆ. ಪಾಠದ ಜರೀಗಿಡ ಹೀಗೆ ಅಪ್ಪನ ಹೊಲದೊಳಗೂ ಬಂದುಬಿಡುತ್ತದೆ.

ಮನೆಯಲ್ಲೇ ಪ್ರಯೋಗ

ಈಗ ಎರಡು ಪ್ರಯೋಗಗಳು. ಮೊದಲನೆಯದು ಬೀಜಾಣುಗಳ ಅಚ್ಚು. ಕಂದು ಚುಕ್ಕೆಗಳು ಬಲಿತ ಎಲೆಯ ಒಂದು ತುಣುಕನ್ನು, ಚುಕ್ಕೆಗಳು ಕೆಳಮುಖವಾಗಿರುವಂತೆ ಬಿಳಿ ಕಾಗದದ ಮೇಲಿಡಿ. ಗಾಳಿಯಾಡದ ಕಡೆ, ಫ್ಯಾನಿನಿಂದ ದೂರ, ಇನ್ನೊಂದು ಕಾಗದ ಮುಚ್ಚಿ ಒಂದೆರಡು ದಿನ ಬಿಡಿ. ಮೆಲ್ಲಗೆ ಎಲೆಯನ್ನೆತ್ತಿದರೆ ಎಲೆಯ ಆಕಾರದಲ್ಲೇ ಕಂದುಹುಡಿಯ ಚಿತ್ರ ಕಾಗದದ ಮೇಲಿರುತ್ತದೆ.

ಎರಡನೆಯದಕ್ಕೆ ತಾಳ್ಮೆ ಬೇಕು. ಹಂಚಿನ ಚೂರನ್ನೋ ಇಟ್ಟಿಗೆಯ ತುಂಡನ್ನೋ ನೀರಿನಲ್ಲಿ ಚೆನ್ನಾಗಿ ಕುದಿಸಿ ಆರಿಸಿ. ಕುದಿಸದಿದ್ದರೆ ಬೂಸು ಬರುತ್ತದೆ. ಅದನ್ನು ನೀರಿರುವ ತಟ್ಟೆಯಲ್ಲಿಟ್ಟು ಮೇಲೆ ಸಂಗ್ರಹಿಸಿದ ಹುಡಿಯನ್ನು ಚಿಟಿಕೆಯಷ್ಟು ಉದುರಿಸಿ. ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ಮುಚ್ಚಿ. ಬೆಳಕಿರಲಿ, ನೇರ ಬಿಸಿಲು ಬೇಡ. ಎರಡು ಮೂರು ವಾರಗಳಲ್ಲಿ ಹಂಚಿನ ಮೇಲೆ ಹಸಿರು ಲೇಪ ಕಾಣತೊಡಗುತ್ತದೆ. ಎರಡು ಮೂರು ತಿಂಗಳಲ್ಲಿ ಭೂತಗನ್ನಡಿಯ ಕೆಳಗೆ ಹೃದಯದಾಕಾರದ ಹಾಳೆಗಳನ್ನು ಎಣಿಸಬಹುದು. ಆಗ ಮೇಲಿನಿಂದ ನೀರಿನ ತುಂತುರನ್ನು ಹಾಕಿ. ಏಕೆಂಬುದು ನಿಮಗೆ ಈಗಾಗಲೇ ಗೊತ್ತಿದೆ.

ಬಾಟಲಿ ಮುಚ್ಚುವ ಈ ಉಪಾಯಕ್ಕೆ ಒಂದು ಚರಿತ್ರೆ ಇದೆ. 1829ರ ಸುಮಾರಿಗೆ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಕೋಶವೊಂದನ್ನು ಒದ್ದೆಮಣ್ಣಿನೊಂದಿಗೆ ಗಾಜಿನ ಸೀಸೆಯಲ್ಲಿಟ್ಟಿದ್ದರು. ಮಣ್ಣಿನಲ್ಲಿ ತಾನಾಗಿ ಒಂದು ಜರೀಗಿಡ ಮೊಳೆಯಿತು. ಆ ನಗರದ ಹೊಗೆಗೆ ಅವರ ತೋಟದ ಜರಿಗಳು ಸಾಯುತ್ತಿದ್ದರೂ ಸೀಸೆಯೊಳಗಿನದು ಬದುಕಿತು. ಇದರಿಂದ ಹುಟ್ಟಿದ ಗಾಜಿನ ಪೆಟ್ಟಿಗೆಗಳಲ್ಲಿ ಮುಂದೆ ಚಹಾ, ಸಿಂಕೋನಾ ಮುಂತಾದ ಸಸಿಗಳು ಸಮುದ್ರ ದಾಟಿದವು. ಆದರೆ ಅದೇ ಪೆಟ್ಟಿಗೆಯಿಂದಾಗಿ ಇಂಗ್ಲೆಂಡಿನಲ್ಲಿ ಮನೆಮನೆಯಲ್ಲೂ ಜರೀಗಿಡ ಇಡುವ ಹುಚ್ಚು ಹಬ್ಬಿತು. ಈ ಹುಚ್ಚಿಗೆ 1855ರಲ್ಲಿ ಲೇಖಕ ಚಾರ್ಲ್ಸ್ ಕಿಂಗ್ಸ್ಲಿ 'ಟೆರಿಡೋಮೇನಿಯ' ಎಂದು ಹೆಸರಿಟ್ಟರು. ಜನ ಬುಟ್ಟಿಗಟ್ಟಲೆ ಗಿಡ ಕಿತ್ತದ್ದರಿಂದ ಅಪರೂಪದ ಜರಿಗಳು ಹಲವೆಡೆ ಬರಿದಾದವು. ಪ್ರೀತಿಯೂ ಗಿಡವನ್ನು ಕೊಲ್ಲಬಲ್ಲದು. ಆದ್ದರಿಂದ ನಮ್ಮ ಮಕ್ಕಳಿಗೆ ಒಂದು ನಿಯಮವಿರಲಿ: ಒಂದು ಗಿಡದಿಂದ ಒಂದೇ ಎಲೆ, ಬೇರು ಎಂದಿಗೂ ಇಲ್ಲ.

ಯಾವುದನ್ನೂ ಬಾಯಿಗೆ ಹಾಕಬಾರದು ಎಂಬುದು ಎರಡನೆಯ ನಿಯಮ. ಹಳೆಯ ಗಾರೆಗೋಡೆಗಳಲ್ಲಿ ಬೆಳೆಯುವ, ಏಣಿಯಂತೆ ಎರಡೂ ಬದಿ ಎಲೆಯಿರುವ ಟೆರಿಸ್ ವಿಟ್ಟಾಟ ಎಂಬ ಜರಿ, ಮಣ್ಣಿನಲ್ಲಿರುವ ಆರ್ಸೆನಿಕ್ ವಿಷವನ್ನು ಹೀರಿ ಎಲೆಯಲ್ಲಿ ಸಂಗ್ರಹಿಸುತ್ತದೆ ಎಂಬುದನ್ನು ಫ್ಲಾರಿಡಾದ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದರು. ಕೆಟ್ಟ ನೆಲವನ್ನು ಶುಚಿಮಾಡಲು ಇದು ಉಪಯುಕ್ತ, ತಿನ್ನಲು ಅಲ್ಲ.

ಒಂದು ನೋಟ್‌ಬುಕ್ಕು, ಒಂದು ವರ್ಷ

ಇಷ್ಟನ್ನೂ ಒಂದೇ ದಿನ ಮಾಡಿ ಮುಗಿಸಿದರೆ ಅದು ಪ್ರವಾಸವಾಗುತ್ತದೆ, ಅಧ್ಯಯನವಾಗುವುದಿಲ್ಲ. ಮಕ್ಕಳ ಕೈಗೆ ಒಂದು ನೋಟ್‌ಬುಕ್ಕು ಕೊಡಿ. ತಿಂಗಳಿಗೊಮ್ಮೆ ಅದೇ ಜಾಗಕ್ಕೆ ಹೋಗಲಿ. ದಿನಾಂಕ, ಕಳೆದ ವಾರ ಮಳೆಯಾಗಿದೆಯೇ, ಎಷ್ಟು ಎಲೆ, ಎಷ್ಟು ಸುರುಳಿ, ಬೆನ್ನಿನಲ್ಲಿ ಚುಕ್ಕೆ ಇದೆಯೇ, ಬಾವಿಯ ನೀರು ಎಷ್ಟನೆಯ ಕಲ್ಲಿನವರೆಗಿದೆ, ಇವಿಷ್ಟನ್ನು ಬರೆದರೆ ಸಾಕು. ಮನೆಯಲ್ಲಿ ಫೋನ್ ಕ್ಯಾಮೆರಾ ಇದ್ದರೆ ಒಂದೇ ಜಾಗದಲ್ಲಿ ನಿಂತು ಚಿತ್ರ ತೆಗೆಯಲಿ. ಆದರೆ ಕೈಯಾರೆ ಚಿತ್ರ ಬರೆಯುವುದನ್ನು ಬಿಡಬೇಡಿ. ಬರೆಯುವಾಗ ಕಣ್ಣು ಎಲೆಯ ನರನರಕ್ಕೂ ಹೋಗುತ್ತದೆ. ಊರಿನ ಹಿರಿಯರು ಆ ಗಿಡಕ್ಕೆ ಏನೆನ್ನುತ್ತಾರೆ ಎಂಬುದನ್ನೂ ಕೇಳಿ ಬರೆದುಕೊಳ್ಳಲಿ.

ಬಾವಿಯ ಯಾವ ಗೋಡೆಯಲ್ಲಿ ಜರೀಗಿಡ ಹೆಚ್ಚು? ನಮ್ಮ ಸೀಮೆಯಲ್ಲಿ ವರ್ಷದ ಹೆಚ್ಚಿನ ಕಾಲ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಬಿಸಿಲು ಬೀಳುವುದು ಉತ್ತರದ ಗೋಡೆಯ ಮೇಲೆ. ಹಾಗಾದರೆ ದಕ್ಷಿಣದ ಗೋಡೆಯಲ್ಲಿ ಗಿಡ ಹೆಚ್ಚಿರಬೇಕಲ್ಲವೇ? ಉತ್ತರವನ್ನು ನಾನು ಹೇಳುವುದಿಲ್ಲ. ನಿಮ್ಮೂರಿನ ಬಾವಿಯಲ್ಲಿ ಮಕ್ಕಳು ಎಣಿಸಿ ನೋಡಲಿ. ಊಹೆ ತಪ್ಪಾದರೆ ಇನ್ನೂ ಒಳ್ಳೆಯದು, ಏಕೆ ತಪ್ಪಾಯಿತೆಂದು ಹುಡುಕಬಹುದು.

ಕನ್ನಡದಲ್ಲಿ ಇಂಥ ಕಲಿಕೆಗೆ ಹಿರಿಯರು ಹಾಕಿಕೊಟ್ಟ ದಾರಿ ಇದೆ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಅನುಭವವನ್ನು 'ಹಸುರು ಹೊನ್ನು' ಪುಸ್ತಕದಲ್ಲಿ ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಗಿಡವನ್ನು ಅದು ಇರುವ ಜಾಗದಲ್ಲೇ ಹೋಗಿ ಕಾಣಬೇಕೆಂಬುದನ್ನು ಆ ಪುಸ್ತಕದಿಂದ ನಾವು ಕಲಿಯಬಹುದು. ಆ ಜಾಗ ಪಶ್ಚಿಮ ಘಟ್ಟವೇ ಆಗಬೇಕೆಂದಿಲ್ಲ.

ಬಾವಿ ಮುಚ್ಚುವ ಮುನ್ನ

ಕೊನೆಯದಾಗಿ ಒಂದು ಮಾತು. ಅದೇ ಸೀಮೆಯ ಇನ್ನೊಂದು ಊರಿನಲ್ಲಿ ನಾವು ಚಿತ್ರೀಕರಿಸಬೇಕೆಂದು ಗುರುತು ಮಾಡಿಕೊಂಡಿದ್ದ ಬಾವಿಯೊಂದಿತ್ತು. ಮುಂದಿನ ಸಲ ಹೋಗುವಷ್ಟರಲ್ಲಿ ಅದರಲ್ಲಿ ಅರ್ಧದಷ್ಟು ಕಲ್ಲುಮಣ್ಣು, ಪ್ಲಾಸ್ಟಿಕ್ ಚೀಲಗಳು ತುಂಬಿದ್ದವು. ಕೊಳವೆಬಾವಿ ಬಂದ ಮೇಲೆ ತೆರೆದ ಬಾವಿಯ ನೀರು ಇಳಿಯಿತು, ನೀರಿಲ್ಲದ ಬಾವಿ ಕಸದ ಗುಂಡಿಯಾಯಿತು. ಊರವರನ್ನು ಕೇಳಿದರೆ, "ಹುಡುಗ್ರು ಬೀಳತಾವ್ರಿ, ಅದಕ್ಕ ಮುಚ್ಚಾಕತ್ತೀವಿ" ಎಂದರು. ಅವರ ಭಯವನ್ನು ತಳ್ಳಿಹಾಕುವಂತಿಲ್ಲ. ಜರೀಗಿಡಕ್ಕಾಗಿ ಮಗುವಿನ ಪ್ರಾಣವನ್ನು ಪಣಕ್ಕಿಡಿ ಎಂದು ಯಾರೂ ಹೇಳಲಾರರು.

ಆದರೆ ಮಣ್ಣು ಹಾಕಿ ಮುಚ್ಚುವುದಕ್ಕೂ ಹಾಗೆಯೇ ತೆರೆದು ಬಿಡುವುದಕ್ಕೂ ನಡುವೆ ಇನ್ನೊಂದು ದಾರಿಯಿದೆ. ಎದೆಮಟ್ಟದ ಕಟ್ಟೆ, ಅದರ ಮೇಲೆ ಬೀಗ ಹಾಕಿದ ಕಬ್ಬಿಣದ ಜಾಳಿಗೆ. ಮಗು ಬೀಳುವುದಿಲ್ಲ, ಗಾಳಿ ಬೆಳಕುಗಳು ಒಳಗೆ ಹೋಗುತ್ತವೆ, ಸುತ್ತಲಿನ ಮಳೆನೀರನ್ನು ಸೋಸಿ ಇಳಿಸಿದರೆ ಅಂತರ್ಜಲಕ್ಕೂ ಆಸರೆಯಾಗುತ್ತದೆ. ಜರೀಗಿಡವನ್ನು ಉಳಿಸಲೆಂದು ಊರವರು ಖರ್ಚು ಮಾಡಲಾರರು, ನಿಜ. ನೀರಿಗಾಗಿ ಮಾಡಬಹುದು. ಜರೀಗಿಡ ಅಲ್ಲಿ ಬದುಕಿದೆಯೆಂದರೆ ಗೋಡೆ ಇನ್ನೂ ಜಿನುಗುತ್ತಿದೆ ಎಂದರ್ಥ. ಮಕ್ಕಳ ನೋಟ್‌ಬುಕ್ಕಿನಲ್ಲಿ ತಿಂಗಳಿಂದ ತಿಂಗಳಿಗೆ ಎಲೆಗಳ ಲೆಕ್ಕ ಕಡಿಮೆಯಾಗುತ್ತ ಹೋದರೆ, ಅದು ಊರಿನ ನೀರಿನ ಲೆಕ್ಕವೂ ಹೌದು.

ಬೇವೂರಿನ ಆ ಶಿಕ್ಷಕರು ಆಮೇಲೆ ಇನ್ನೊಂದು ಕಾಗದ ಬರೆದರು. ಶಾಲೆಯ ಕಿಟಕಿಯಲ್ಲಿ ಬಾಟಲಿ ಮುಚ್ಚಿದ ಹಂಚಿನ ಚೂರುಗಳು ಸಾಲಾಗಿವೆ, ಏಳರಲ್ಲಿ ನಾಲ್ಕಕ್ಕೆ ಬೂಸು ಬಂದಿದೆ, ಮೂರು ಹಸಿರಾಗಿವೆ ಎಂದಿತ್ತು. ಬೂಸು ಬಂದವುಗಳನ್ನು ಎಸೆಯಬೇಡಿ, ಅವು ಏಕೆ ಕೆಟ್ಟವೆಂದು ಮಕ್ಕಳನ್ನೇ ಕೇಳಿ ಎಂದು ಉತ್ತರ ಬರೆದೆ.

ನೀವೂ ಈ ಮಳೆಗಾಲದಲ್ಲಿ ಒಂದು ಕನ್ನಡಿ, ಒಂದು ಭೂತಗನ್ನಡಿ, ಒಂದು ನೋಟ್‌ಬುಕ್ಕು ಹಿಡಿದು ಮಕ್ಕಳೊಂದಿಗೆ ಹೊರಡಿ. ಮೊದಲು ಊರಿನ ತಂಪು ಜಾಗ ಯಾವುದೆಂದು ಕೇಳಿ. ಆಮೇಲೆ ಅವರು ಕರೆದುಕೊಂಡು ಹೋದ ಕಡೆಗೆ ಹೋಗಿ.